ತಾಲೀಮಿನ ಗುಂಡಿಗೂ ತೂಕ ಬೇಡವೆ?

ಲಕ್ಷ್ಮೀ ಬಜಾರಿನ ಕಿರಾಣಿ ಅಂಗಡಿಯಲ್ಲಿ ಅರ್ಧ ಕಿಲೋ ಸಕ್ಕರೆ ತೂಗಬೇಕಾದರೂ ತಕ್ಕಡಿಗೆ ಸರ್ಕಾರದ ಮುದ್ರೆ ಬಿದ್ದಿರಬೇಕು. ಮುದ್ರೆ ಹಳೆಯದಾದರೆ ದಂಡ, ಬಟ್ಟು ಸವೆದಿದ್ದರೆ ಜಪ್ತಿ. ಜನ ಈಗಲೂ ತೂಕ-ಅಳತೆ ಇಲಾಖೆ ಅಂತಲೇ ಕರೆಯುವ ಕಚೇರಿಯವರು ಬಂದರು ಅಂದರೆ ಸಂತೆಪೇಟೆಯ ಅರ್ಧ ವ್ಯಾಪಾರಿಗಳಿಗೆ ಎದೆ ಡವಡವ. ಇರಲಿ, ಇರಬೇಕಾದ್ದೇ. ಆದರೆ ಮನುಷ್ಯನ ಪ್ರಾಣ ತೆಗೆಯಬಲ್ಲ, ಪ್ರಾಣ ಉಳಿಸಲೂಬಲ್ಲ ಪಿಸ್ತೂಲಿನ ಗುಂಡಿನ ಬಗ್ಗೆ ಅದೇ ಕಾಳಜಿ ಎಷ್ಟು ಜನಕ್ಕಿದೆ? ಅದರಲ್ಲೂ ತಾಲೀಮಿಗೆ ಬಳಸುವ ಗುಂಡು ಅಂದರೆ ಮುಗಿದೇ ಹೋಯಿತು. ‘ಅಯ್ಯೋ, ಅದು ಬರೀ ಪ್ರಾಕ್ಟೀಸಿಗೆ ಬಿಡ್ರೀ’ ಅನ್ನುವ ಮಾತು ಎಲ್ಲರ ಬಾಯಲ್ಲೂ ಸಿದ್ಧವಾಗಿರುತ್ತೆ.

ಬಸ್ಸಿಗೆ ಕಾಯುವವರಿಗೂ ಅಂಗಡಿಯವರಿಗೂ ಈ ಗುಂಡಿನ ಪುರಾಣ ಯಾಕೆ ಅಂತ ಕೇಳಬಹುದು. ಬಸ್ ನಿಲ್ದಾಣದಲ್ಲಿ ಗಲಾಟೆಯಾದಾಗ ಓಡಿ ಬರುವ ಸಬ್ ಇನ್ಸ್‌ಪೆಕ್ಟರ ಸೊಂಟದಲ್ಲಿ ಇರುವುದು ಪಿಸ್ತೂಲು. ಆತ ಗುರಿ ಕಲಿತದ್ದು ತಾಲೀಮಿನ ಗುಂಡಿನಲ್ಲಿ. ಆತನ ಗುರಿ ತಪ್ಪಿದರೆ ಗುಂಡು ಹೋಗಿ ಬೀಳುವ ಜಾಗದಲ್ಲಿ ನಿಂತಿರುವುದು ಇದೇ ಬಸ್ಸಿನ ಜನ. ಇದಕ್ಕಿಂತ ಹತ್ತಿರದ ಸಂಬಂಧ ಬೇಕೆ?

ಇನ್ನೊಂದು ಕಡೆ ಲೈಸೆನ್ಸುದಾರರಿದ್ದಾರೆ. ಹೊಳಲ್ಕೆರೆ ಕಡೆಯ ಅಡಿಕೆ ವ್ಯಾಪಾರಿಯೊಬ್ಬರನ್ನು ಉದಾಹರಣೆಗೆ ತೆಗೆದುಕೊಳ್ಳಿ. ಹೆಸರು ಬೇಡ; ಅಂಥವರು ಜಿಲ್ಲೆಯಲ್ಲಿ ಹಲವರಿದ್ದಾರೆ. ಹಣ ಸಾಗಿಸುವ ಭಯಕ್ಕೆ .32 ರಿವಾಲ್ವರ್ ತೆಗೆದುಕೊಂಡರು. ಜೊತೆಗೆ ಬಂದ ಗುಂಡಿನ ಪೆಟ್ಟಿಗೆ ಬೀರುವಿನಲ್ಲಿ, ಪತ್ತಲದ ಕೆಳಗೆ ಕೂತಿತು. ಆಯುಧಪೂಜೆಗೆ ಒಮ್ಮೆ ಹೊರಬಂದು ಕುಂಕುಮ ಹಚ್ಚಿಸಿಕೊಂಡು ಮತ್ತೆ ಒಳಗೆ. ಚುನಾವಣೆ ಬಂದಾಗ ರಿವಾಲ್ವರ್ ಮಾತ್ರ ಠಾಣೆಗೆ ಹೋಗಿ ಬರುತ್ತೆ. ಆ ಗುಂಡು ಹಾರುತ್ತೋ ಇಲ್ಲವೋ ಅವರಿಗೂ ಗೊತ್ತಿಲ್ಲ, ಕುಂಕುಮ ಹಚ್ಚಿದ ಮನೆಯಾಕೆಗೂ ಗೊತ್ತಿಲ್ಲ. ಕಳ್ಳನಿಗಂತೂ ಗೊತ್ತಿಲ್ಲ, ಅದೊಂದೇ ಸಮಾಧಾನ!

‘ಅನುಮಾನವಿದ್ರೆ ಜೋಗಿಮಟ್ಟಿ ಕಡೆ ಹೋಗಿ ಒಂದೆರಡು ಹೊಡೆದು ನೋಡಿದ್ರಾಯ್ತು’ ಅನ್ನುವ ಸಲಹೆ ಟೀ ಅಂಗಡಿಯಲ್ಲಿ ಪುಕ್ಕಟೆಯಾಗಿ ಸಿಗುತ್ತೆ. ಸಲಹೆ ಕೊಡುವವರು ಮೂರು ಸಂಗತಿ ಮರೆತಿರುತ್ತಾರೆ. ಜೋಗಿಮಟ್ಟಿ 2015ರಿಂದ ವನ್ಯಜೀವಿಧಾಮ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಅದರೊಳಕ್ಕೆ ಆಯುಧ ಒಯ್ಯುವುದೇ ಅಪರಾಧ. ಹೊಡೆಯುವ ಮಾತು ಆಮೇಲಿನದು. ಲೈಸೆನ್ಸ್ ಜೇಬಿನಲ್ಲಿದ್ದರೆ ಕಾಡಿಗೂ ಲೈಸೆನ್ಸ್ ಸಿಕ್ಕಿತು ಅಂತಲ್ಲ. ಎರಡನೆಯದು, ದುರ್ಗ ಅಂದರೆ ಕಲ್ಲು. ಬಂಡೆಗೆ ಹೊಡೆದ ಗುಂಡು ಯಾವ ದಿಕ್ಕಿಗೆ ಸಿಡಿದು ವಾಪಸ್ ಬರುತ್ತೆ ಅನ್ನುವುದನ್ನು ಹೇಳಲು ಯಾವ ಜ್ಯೋತಿಷಿಯಿಂದಲೂ ಆಗದು. ಮೂರನೆಯದೇ ಮುಖ್ಯ. ಬಂಡೆಗೆ ಎರಡು ಗುಂಡು ಹೊಡೆದರೆ ಗೊತ್ತಾಗುವುದು ‘ಹಾರಿತು’ ಅನ್ನುವುದಷ್ಟೇ. ಗುಂಡಿನ ಗುಣ ಅದರಿಂದ ಗೊತ್ತಾಗೋದಿಲ್ಲ. ಎರಡು ಇಡ್ಲಿ ತಿಂದು ಹೋಟೆಲಿಗೆ ವರ್ಷದ ಸರ್ಟಿಫಿಕೇಟ್ ಕೊಟ್ಟ ಹಾಗೆ.

ಮದ್ದಿನ ಗುಣದ ವಿಚಾರ ದುರ್ಗಕ್ಕೆ ಹೊಸದೇನಲ್ಲ. ಕೋಟೆಯೊಳಗೆ ಮದ್ದು ಬೀಸುವ ಭಾರಿ ಕಲ್ಲುಗಳು ಇವತ್ತಿಗೂ ಇವೆ. ಪ್ರವಾಸಿಗಳು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ತಾರೆ, ಆನೆ ಕಟ್ಟಿ ತಿರುಗಿಸ್ತಿದ್ರು ಅಂತ ಗೈಡುಗಳು ಹೇಳ್ತಾರೆ. ಅಷ್ಟು ದೊಡ್ಡ ಕಲ್ಲು ಯಾಕೆ ಬೇಕಿತ್ತು? ಪೆಟ್ಲುಪ್ಪು, ಇದ್ದಿಲು, ಗಂಧಕ ಮೂರನ್ನೂ ಅಂದಾಜಿಗೆ ಕಲೆಸಿದರೆ ಒಂದು ಹಿಡಿ ಭುಸ್ಸೆನ್ನುತ್ತೆ, ಇನ್ನೊಂದು ಹಿಡಿ ಢಂ ಅನ್ನುತ್ತೆ. ಎಲ್ಲಾ ಹಿಡಿಯೂ ಒಂದೇ ಸಮ ಉರಿಯಬೇಕಾದರೆ ಚೆನ್ನಾಗಿ ಬೀಸಬೇಕು, ಒಂದೇ ಸಮ ಬೆರೆಯಬೇಕು. 1779ರಲ್ಲಿ ಹೈದರಾಲಿಗೆ ಕೋಟೆ ಬೀಳುವವರೆಗೂ ನಾಯಕರ ಕಡೆಯವರಿಗೆ ಇದು ಗೊತ್ತಿದ್ದ ವಿದ್ಯೆ. ಇವತ್ತು ಕಪ್ಪು ಮದ್ದಿನ ಬದಲು ಹೊಗೆಯಿಲ್ಲದ ಮದ್ದು ಬಂದಿದೆ, ಕಲ್ಲಿನ ಬದಲು ಕಾರ್ಖಾನೆ ಬಂದಿದೆ. ಒಂದೇ ಸಮ ಇರಬೇಕು ಅನ್ನುವ ನಿಯಮ ಮಾತ್ರ ಬದಲಾಗಿಲ್ಲ.

ಒಂದು ಕಾಡತೂಸಿನಲ್ಲಿ ಇರುವುದು ನಾಲ್ಕೇ ಸಾಮಾನು. ಹಿತ್ತಾಳೆಯ ಕೊಪ್ಪು, ಅದರ ತಳದಲ್ಲಿ ಕೇಪು, ಒಳಗೆ ಮದ್ದು, ಬಾಯಲ್ಲಿ ಸೀಸದ ಗುಂಡು. ಕುದುರೆ ಎಳೆದರೆ ಮೊಳೆ ಹೋಗಿ ಕೇಪಿಗೆ ಬಡಿಯುತ್ತೆ, ಕೇಪಿನ ಕಿಡಿ ಮದ್ದಿಗೆ ತಾಗುತ್ತೆ, ಮದ್ದಿನ ಹೊಗೆ ಗುಂಡನ್ನು ತಳ್ಳುತ್ತೆ. ಪೊಲೀಸರು ಬಳಸುವ 9 ಮಿ.ಮೀ. ಕಾಡತೂಸಿನ ಒಟ್ಟು ತೂಕ ಸುಮಾರು 12 ಗ್ರಾಂ. ಅದರಲ್ಲಿ ಮದ್ದು ಅರ್ಧ ಗ್ರಾಮಿಗೂ ಕಡಿಮೆ! ಚಿನಿವಾರರ ತಕ್ಕಡಿಯಲ್ಲಿ ಕಾಡತೂಸು ತೂಗಿ ಗುಣ ಹೇಳ್ತೀನಿ ಅನ್ನುವವರೂ ಇದ್ದಾರೆ. ಕೊಪ್ಪಿನ ತೂಕದಲ್ಲೇ ಸ್ವಲ್ಪ ಆಚೀಚೆ ಆಗುವುದರಿಂದ ಮದ್ದಿನ ಚಿಟಿಕೆ ವ್ಯತ್ಯಾಸ ಅದರಡಿ ಅಡಗಿಬಿಡುತ್ತೆ. ಮದ್ದೇ ಬೀಳದ ಖಾಲಿ ಕಾಡತೂಸು ಇದ್ದರೆ ಪತ್ತೆಯಾದೀತು, ಅದಕ್ಕಿಂತ ಹೆಚ್ಚಿಲ್ಲ.

ಹಾಗಾದರೆ ನೋಡುವುದು ಹೇಗೆ? ವೇಗ ಅಳೆಯುವ ಒಂದು ಯಂತ್ರ ಇದೆ, ಕ್ರೋನೋಗ್ರಾಫ್ ಅಂತ. ಎರಡು ಕಣ್ಣು ಇರುವ ಪೆಟ್ಟಿಗೆ. ಗುಂಡು ಮೊದಲ ಕಣ್ಣು ದಾಟಿ ಎರಡನೆಯದನ್ನು ದಾಟಲು ಎಷ್ಟು ಹೊತ್ತು ಹಿಡಿಯಿತು ಅನ್ನುವುದರಿಂದ ವೇಗ ಹೇಳುತ್ತೆ. ಹತ್ತು ಗುಂಡು ಹೊಡೆದು ಹತ್ತು ವೇಗ ಬರೆದುಕೊಳ್ಳಬೇಕು. ಸರಾಸರಿ ತೆಗೆದು ‘ಪರವಾಗಿಲ್ಲ’ ಅಂತ ಎದ್ದು ಬರುವುದಲ್ಲ. ಆಟ ಇರುವುದೇ ಸರಾಸರಿಯ ಆಚೆ.

ಬಸ್ಸಿನವರಿಗೆ ಇದು ಬೇಗ ಅರ್ಥವಾಗುತ್ತೆ. ಎಂಟು ಗಂಟೆಯ ಹೊಸದುರ್ಗದ ಬಸ್ಸು ಎರಡಿವೆ ಅಂತಿಟ್ಟುಕೊಳ್ಳಿ. ಒಂದು ದಿನಾ ಎಂಟು ಹತ್ತಕ್ಕೇ ಬರುತ್ತೆ. ತಡವೇ ಸರಿ, ಆದರೆ ದಿನಾ ಅಷ್ಟೇ ತಡ. ಇನ್ನೊಂದು ಒಂದು ದಿನ ಏಳೂ ಮುಕ್ಕಾಲಿಗೆ ಹೋಗಿಬಿಟ್ಟಿರುತ್ತೆ, ಮಾರನೇ ದಿನ ಎಂಟೂಕಾಲಿಗೆ ಬರುತ್ತೆ. ಸರಾಸರಿ ಲೆಕ್ಕ ಹಾಕಿದರೆ ಎರಡನೇ ಬಸ್ಸು ಕರೆಕ್ಟಾಗಿ ಎಂಟಕ್ಕೆ! ಆದರೆ ನೌಕರಿಗೆ ಹೋಗುವವನು ಯಾವುದನ್ನು ನಂಬುತ್ತಾನೆ? ಮೊದಲನೆಯದನ್ನು. ಎಂಟೂ ಐದಕ್ಕೆ ಮನೆ ಬಿಟ್ಟರಾಯಿತು. ಗುಂಡೂ ಹಾಗೆಯೇ. ಎಲ್ಲಾ ಗುಂಡುಗಳೂ ಒಂದೇ ಸಮ ಎರಡು ಬೆರಳು ಕೆಳಗೆ ಬಿದ್ದರೆ ಪಿಸ್ತೂಲಿನ ಗುರಿಕಣ್ಣು ಸ್ವಲ್ಪ ಸರಿಸಿದರೆ ಆಯಿತು. ಒಂದು ಮೇಲೆ, ಒಂದು ಕೆಳಗೆ, ಒಂದು ಬಲಕ್ಕೆ ಬಿದ್ದರೆ ಯಾವುದನ್ನು ಸರಿಸೋದು?

ಇಲ್ಲಿ ಒಂದು ನ್ಯಾಯದ ಮಾತೂ ಹೇಳಬೇಕು. ವೇಗದ ವ್ಯತ್ಯಾಸವನ್ನೇ ಭೂತ ಮಾಡುವವರೂ ಇದ್ದಾರೆ. ಪಂದ್ಯದ .22 ಗುಂಡು ಸೆಕೆಂಡಿಗೆ ಸುಮಾರು 320 ಮೀಟರು ಓಡುತ್ತೆ. ಒಂದು 310, ಇನ್ನೊಂದು 330 ಅಂತಿಟ್ಟುಕೊಂಡು ಲೆಕ್ಕ ಹಾಕಿದರೆ, 25 ಮೀಟರಿನಲ್ಲಿ ಭೂಮಿಯ ಎಳೆತದಿಂದ ಬೀಳುವ ವ್ಯತ್ಯಾಸ ಸುಮಾರು 4 ಮಿ.ಮೀ. ಅಷ್ಟೇ. ಆ ದೂರದ ಪಿಸ್ತೂಲು ಗುರಿಹಲಗೆಯಲ್ಲಿ ಹತ್ತು ಅಂಕದ ವೃತ್ತದ ಅಗಲ 50 ಮಿ.ಮೀ. ಆದ್ದರಿಂದ ಕಲಿಯುವವನಿಗೆ ಅದೇನೂ ದೊಡ್ಡದಲ್ಲ. ಅದೇ 50 ಮೀಟರಿಗೆ ಹೋದರೆ ವ್ಯತ್ಯಾಸ ನಾಲ್ಕು ಪಟ್ಟಾಗಿ ಒಂದೂವರೆ ಸೆಂ.ಮೀ. ಆಗುತ್ತೆ, ಅಲ್ಲೂ ಹತ್ತರ ವೃತ್ತ ಅಷ್ಟೇ ಅಗಲ. 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಂಗಳೂರಿನ ಪ್ರಕಾಶ್ ನಂಜಪ್ಪ ಬೆಳ್ಳಿ ಗೆದ್ದದ್ದು ಈ 50 ಮೀಟರ್ ಪಿಸ್ತೂಲಿನಲ್ಲೇ. ಅಂಥಲ್ಲಿ ಗುಂಡಿನ ಒಂದೂವರೆ ಸೆಂ.ಮೀ. ಅಂದರೆ ಪದಕ ಇದ್ದದ್ದು ಇಲ್ಲವಾಗುವಷ್ಟು.

ಅದಕ್ಕೇ ಆ ಮಟ್ಟದ ಆಟಗಾರರು ಗುಂಡು ಕೊಳ್ಳುವ ರೀತಿಯೇ ಬೇರೆ. ಇಂಗ್ಲೆಂಡಿನ ಎಲೀ, ಜರ್ಮನಿಯ ಆರ್‌ಡಬ್ಲ್ಯೂಎಸ್, ಫಿನ್ಲೆಂಡಿನ ಲಾಪುವಾ ಅಂತ ಹೆಸರು ನೋಡಿ ತರೋದಿಲ್ಲ. ಒಂದೇ ಹೆಸರಿನ, ಒಂದೇ ಬೆಲೆಯ ಗುಂಡಿನಲ್ಲೂ ಲಾಟಿಗೂ ಲಾಟಿಗೂ ವ್ಯತ್ಯಾಸ. ಒಂದು ಬಂದೂಕಿಗೆ ಒಪ್ಪಿದ ಲಾಟು ಪಕ್ಕದ ಬಂದೂಕಿಗೆ ಒಪ್ಪೋದಿಲ್ಲ. ಆದ್ದರಿಂದ ಆಯುಧವನ್ನೇ ಇಕ್ಕಳದಲ್ಲಿ ಬಿಗಿದು, ಕೈಯ ನಡುಕವನ್ನು ಲೆಕ್ಕದಿಂದ ತೆಗೆದುಹಾಕಿ, ಲಾಟು ಲಾಟಾಗಿ ಹೊಡೆದು ನೋಡಿ, ತೂತುಗಳು ಒಂದಕ್ಕೊಂದು ಅಂಟಿಕೊಂಡು ಬಿದ್ದ ಲಾಟನ್ನೇ ಸಾವಿರಗಟ್ಟಲೆ ಕೊಂಡು ಇಟ್ಟುಕೊಳ್ತಾರೆ. ಸೀರೆ ಅಂಗಡಿಯಲ್ಲಿ ಒಂದೇ ಬಣ್ಣದ ಎರಡು ಥಾನು ಬೆಳಕಿಗೆ ಹಿಡಿದು ನೋಡುವ ಹೆಂಗಸರಿಗೆ ಇದನ್ನು ವಿವರಿಸಬೇಕಾಗಿಲ್ಲ.

ತಾಲೀಮಿಗೆ ಅಷ್ಟೆಲ್ಲ ಬೇಡ. ಪಂದ್ಯದ ಗುಂಡಿನಷ್ಟು ದುಬಾರಿಯದು ಕೊಡಿ ಅಂತ ಯಾರೂ ಕೇಳ್ತಾ ಇಲ್ಲ. ತಾಲೀಮಿನ ಗುಂಡು ಅಗ್ಗವಾಗಿರಲಿ, ತೂತುಗಳು ಸ್ವಲ್ಪ ಚದುರಿ ಬೀಳಲಿ. ಆದರೆ ಪ್ರತಿ ಸಲವೂ ಹಾರಬೇಕು, ಕೈಗೆ ಕೊಡುವ ಒದೆತ ಕೆಲಸದ ಗುಂಡಿನ ಒದೆತಕ್ಕೆ ಹತ್ತಿರವಿರಬೇಕು, ಮತ್ತು ಇವತ್ತಿನದಕ್ಕೂ ನಾಳಿನದಕ್ಕೂ ಒಂದೇ ಗುಣ ಇರಬೇಕು. ಇಲ್ಲದಿದ್ದರೆ ಕಲಿಯುವವನಿಗೆ ಆಗುವ ನಷ್ಟ ಹಣದ್ದಲ್ಲ. ಗುಂಡು ಎಡಕ್ಕೆ ಬಿತ್ತು. ಕುದುರೆಯನ್ನು ಜಗ್ಗಿ ಎಳೆದದ್ದು ತನ್ನ ಬೆರಳ ತಪ್ಪೋ, ಗುಂಡಿನ ತಪ್ಪೋ? ಗೊತ್ತಾಗದೆ ಆತ ಸರಿಯಿದ್ದ ಕೈಯನ್ನು ‘ತಿದ್ದಿಕೊಳ್ಳಲು’ ಹೊರಡುತ್ತಾನೆ. ಐಮಂಗಲದಂಥ ಪೊಲೀಸ್ ತರಬೇತಿ ಶಾಲೆ ಇರುವ ಜಿಲ್ಲೆ ಇದು. ಹಳ್ಳಿಯಿಂದ ಬಂದ ಹುಡುಗ ಜೀವಮಾನದಲ್ಲಿ ಮೊದಲ ಬಾರಿ ಆಯುಧ ಹಿಡಿಯುವುದು ಇಂಥ ಶಾಲೆಗಳಲ್ಲೇ. ಅವನ ಕೈಗೆ ಬರುವ ಗುಂಡು ಎಣಿಕೆಯದು. ಎಣಿಕೆಯ ಗುಂಡಿನಲ್ಲಿ ಒಂದೂ ಸುಳ್ಳು ಹೇಳಬಾರದು.

ಇನ್ನು ಅಪಾಯದ ವಿಚಾರ. ಕುದುರೆ ಎಳೆದಾಗ ‘ಟಿಕ್’ ಅಂದು ಸುಮ್ಮನಾದರೆ ಅದು ಠುಸ್ ಗುಂಡು ಅಂತ ತಕ್ಷಣ ತೆಗೆದು ನೋಡುವ ಚಪಲ ಎಲ್ಲರಿಗೂ. ಕೇಪು ನಿಧಾನಕ್ಕೆ ಕಿಡಿ ಹಿಡಿದು, ಒಂದು ಕ್ಷಣ ಬಿಟ್ಟು ಹಾರುವ ಗುಂಡೂ ಇರುತ್ತೆ. ಅದಕ್ಕೇ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಕನಿಷ್ಠ 30 ಸೆಕೆಂಡು ಕಾಯಬೇಕು ಅನ್ನುವುದು ತಾಲೀಮು ಮೈದಾನದ ಕಟ್ಟಳೆ. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಮದ್ದು ಕಡಿಮೆ ಬಿದ್ದ ಕಾಡತೂಸು. ಢಂ ಅನ್ನುವ ಬದಲು ‘ಪುಸ್’ ಅನ್ನುತ್ತೆ, ಗುಂಡು ಹೊರಗೆ ಬಾರದೆ ನಳಿಗೆಯ ನಡುವೆ ಸಿಕ್ಕಿಕೊಳ್ಳುತ್ತೆ. ಹೊಡೆಯುವವನು ಗಾಬರಿಯಲ್ಲಿ ಇನ್ನೊಂದು ಕಾಡತೂಸು ತುಂಬಿ ಮತ್ತೆ ಎಳೆದ ಅನ್ನಿ. ಮುಂದೆ ದಾರಿಯಿಲ್ಲದ ಎರಡನೇ ಗುಂಡು ನಳಿಗೆಯನ್ನೇ ಸೀಳಬಹುದು. ಬೆರಳು ಹೋಗಬಹುದು, ಕಣ್ಣು ಹೋಗಬಹುದು. ‘ಬರೀ ಪ್ರಾಕ್ಟೀಸಿನ ಗುಂಡು’ ಮಾಡುವ ಕೆಲಸ ಇದು! ಶಬ್ದದಲ್ಲಿ ವ್ಯತ್ಯಾಸ ಕೇಳಿಸಿತೋ, ಕೈ ಅಲ್ಲೇ ನಿಲ್ಲಬೇಕು. ಆಯುಧ ಖಾಲಿ ಮಾಡಿ ನಳಿಗೆ ನೋಡಿದ ಮೇಲೆಯೇ ಮುಂದಿನ ಮಾತು.

ಹಾರದ ಗುಂಡಿಗೆಲ್ಲ ಕಾರ್ಖಾನೆಯೇ ಹೊಣೆ ಅಂತ ಕೂಗುವುದೂ ಸರಿಯಲ್ಲ. ಕೇಪಿನ ಮೇಲೆ ಬಿದ್ದ ಗುಂಡಿ ನೋಡಿದರೆ ಅರ್ಧ ಕಥೆ ಗೊತ್ತಾಗುತ್ತೆ. ಗುಂಡಿ ಆಳವಾಗಿದ್ದೂ ಹಾರಲಿಲ್ಲ ಅಂದರೆ ಕೇಪಿನ ದೋಷ. ಗುಂಡಿ ಬರೀ ಗೀರಿದ ಹಾಗಿದ್ದರೆ ಪಿಸ್ತೂಲಿನ ಸ್ಪ್ರಿಂಗ್ ಸೋತಿದೆ, ಇಲ್ಲವೆ ಒಳಗೆ ಗ್ರೀಸು ಗಟ್ಟಿಯಾಗಿದೆ. ಅದೇ ಲಾಟನ್ನು ಇನ್ನೊಂದು ಪಿಸ್ತೂಲಿನಲ್ಲಿ ಹೊಡೆದು ನೋಡಿದರೆ ಉಳಿದರ್ಧ ಕಥೆಯೂ ಗೊತ್ತಾಗುತ್ತೆ. .22 ಕಾಡತೂಸಿನದು ಮಾತ್ರ ಬೇರೆ ಜಾತಿ. ಅದಕ್ಕೆ ನಡುವೆ ಕೇಪಿಲ್ಲ, ತಳದ ಅಂಚಿನ ಸುತ್ತ ಮಸಾಲೆ ಸವರಿರುತ್ತೆ. ಒಂದು ಕಡೆ ಮಸಾಲೆ ತಪ್ಪಿದ್ದರೆ ಮೊಳೆ ಅಲ್ಲಿ ಬಡಿದಾಗ ಹಾರೋದಿಲ್ಲ. ತಿರುಗಿಸಿ ಹಾಕಿದಾಗ ಹಾರಿತು ಅಂತ ಹಳಬರು ಮೀಸೆ ತಿರುವುತ್ತಾರೆ. ಹಾರಿದ್ದು ಅವರ ಜಾಣತನದಿಂದಲ್ಲ, ಮಸಾಲೆ ಅರ್ಧ ಸುತ್ತಿಗೆ ಮಾತ್ರ ಇದ್ದದ್ದರಿಂದ.

ಇಟ್ಟುಕೊಳ್ಳುವ ರೀತಿಯಿಂದಲೂ ಗುಂಡು ಕೆಡುತ್ತೆ. ದುರ್ಗದ ಬೇಸಿಗೆ 40 ಡಿಗ್ರಿಯ ಹತ್ತಿರ ಹೋಗುವಂಥದ್ದು. ತಗಡಿನ ಪೆಟ್ಟಿಗೆ ಬಿಸಿಲಿಗೆ ಕೂತರೆ ಒಳಗಿನ ಶಾಖ ಅದಕ್ಕೂ ಮೇಲೆ. ಬಿಸಿಯಾದ ಮದ್ದು ಬೇಗ ಉರಿದು ಒತ್ತಡ ಏರಿಸುತ್ತೆ. ವರ್ಷಾನುಗಟ್ಟಲೆ ಬಿಸಿಯಲ್ಲಿದ್ದರೆ ಮದ್ದು ತಾನೇ ಕೆಡುತ್ತೆ. ತೇವ ತಾಗಿದರೆ ಕೇಪು ಸಾಯುತ್ತೆ. ಬೆಳಗಿನ ತಂಪಿನಲ್ಲಿ ಪರೀಕ್ಷೆ ಮಾಡಿ ಬರೆದ ವೇಗ ಮಧ್ಯಾಹ್ನಕ್ಕೆ ಸುಳ್ಳಾದರೆ ಆಶ್ಚರ್ಯವಿಲ್ಲ. ಗಾಳಿಯ ಕಾಟವೂ ಸೇರಿಸಿಕೊಳ್ಳಿ. ಜೋಗಿಮಟ್ಟಿ ಸಾಲಿನ ಗುಡ್ಡಗಳ ಮೇಲೆ ಗಾಳಿಯಂತ್ರ ನೆಟ್ಟವರು ಸುಮ್ಮನೆ ನೆಟ್ಟಿಲ್ಲ. ಆಷಾಢದ ಗಾಳಿಯಲ್ಲಿ ಬಯಲಲ್ಲಿ ನಿಂತು ಹೊಡೆದು ಗುಂಡಿನ ಮೇಲೆ ತೀರ್ಪು ಕೊಡುವುದು ನ್ಯಾಯವಲ್ಲ. (ನಾಲ್ಕು ಗೋಡೆಯೊಳಗೆ ಹೊಡೆದರೆ ಗಾಳಿಯ ಕಾಟ ತಪ್ಪುತ್ತೆ, ಸೀಸದ ಹೊಗೆಯ ಕಾಟ ಹತ್ತುತ್ತೆ. ಹೊಡೆದಾದ ಮೇಲೆ ಕೈ ತೊಳೆಯದೆ ಮಂಡಕ್ಕಿ ಮೆಣಸಿನಕಾಯಿಗೆ ಕೈ ಹಾಕುವವರು ಇದನ್ನು ಗಮನಿಸಲಿ.)

ಈಗ ಲೆಕ್ಕದ ಮಾತಿಗೆ ಬರೋಣ, ಇಲ್ಲೇ ಬಹಳ ಜನ ಮೋಸಹೋಗುವುದು. ಒಂದು ಲಾಟಿನಲ್ಲಿ ನೂರಕ್ಕೆ ಒಂದು ಗುಂಡು ಕೆಟ್ಟದ್ದಿದೆ ಅಂತಿಟ್ಟುಕೊಳ್ಳಿ. ಐವತ್ತು ಹೊಡೆದು ಪರೀಕ್ಷೆ ಮಾಡಿದರೆ ಒಂದೂ ಕೆಟ್ಟದ್ದು ಸಿಗದೆ ‘ಪಾಸ್’ ಆಗುವ ಸಂಭವ ನೂರಕ್ಕೆ 60! ನೂರಕ್ಕೆ ಒಂದಕ್ಕಿಂತ ಹೆಚ್ಚು ಕೆಟ್ಟದ್ದಿಲ್ಲ ಅಂತ ಗಟ್ಟಿ ಮಾತಾಡಬೇಕಾದರೆ ಸುಮಾರು 300 ಗುಂಡು ಒಂದೂ ತಪ್ಪದೆ ಹಾರಬೇಕು. ಪರೀಕ್ಷೆಗೆಂದೇ 300 ಗುಂಡು ಯಾರು ಸುಡುತ್ತಾರೆ? ಬೊಕ್ಕಸದವರು ಒಪ್ಪೋದಿಲ್ಲ, ಒಪ್ಪಲೂಬಾರದು.

ಸುಡುವ ಅಗತ್ಯವೇ ಇಲ್ಲ. ತಾಲೀಮೇ ಪರೀಕ್ಷೆ ಆಗಬಹುದು. ನೂರು ಜನ ತಲಾ ಹತ್ತು ಗುಂಡು ಹೊಡೆದರೆ ಸಾವಿರ ಗುಂಡಿನ ಪರೀಕ್ಷೆ ಪುಕ್ಕಟೆಯಾಗಿ ಮುಗಿಯಿತು, ಬರೆದಿಟ್ಟುಕೊಂಡರೆ! ಇಂಥವನಿಗೆ ಇಷ್ಟು ಅಂಕ ಅಂತ ಬರೆಯುವ ಪುಸ್ತಕದಲ್ಲಿ ಪಕ್ಕಕ್ಕೆ ಇನ್ನೊಂದು ಗೀಟು ಎಳೆದು ಲಾಟು ನಂಬರು, ಹಾರದ್ದೆಷ್ಟು, ಪುಸ್ ಅಂದದ್ದೆಷ್ಟು, ಕೊಪ್ಪು ಸೀಳಿದ್ದೆಷ್ಟು ಅಂತ ತುಂಬಿದರೆ ಮುಗಿಯಿತು. ಪೊಲೀಸ್ ತಾಲೀಮಿನಲ್ಲಿ ಹೊಡೆದ ಗುಂಡಿನ ಖಾಲಿ ಕೊಪ್ಪುಗಳನ್ನು ಒಂದೊಂದಾಗಿ ಎಣಿಸಿ ವಾಪಸ್ ಕೊಡಬೇಕು. ಒಂದು ಕೊಪ್ಪು ಹುಲ್ಲಿನಲ್ಲಿ ಕಳೆದರೆ ಸಂಜೆವರೆಗೂ ಮಂಡಿಯೂರಿ ಹುಡುಕಬೇಕು. ಖಾಲಿ ಕೊಪ್ಪಿಗೆ ಇರುವ ಈ ಮರ್ಯಾದೆಯಲ್ಲಿ ಕಾಲುಭಾಗ ತುಂಬಿದ ಕಾಡತೂಸಿನ ಗುಣಕ್ಕೂ ಸಿಗಲಿ. ಕೈಗೆ ಬಂದ ಕೊಪ್ಪನ್ನು ಎಣಿಸುವಾಗಲೇ ತಿರುವಿ ನೋಡಿದರೆ ಸೀಳು, ಮಸಿ, ಚಪ್ಪಟೆಯಾದ ಕೇಪು ಎಲ್ಲಾ ಕಣ್ಣಿಗೆ ಬೀಳುತ್ತೆ.

ಬರೆದಿಟ್ಟರೆ ಯಾರಿಗೆ ತೋರಿಸೋದು ಅನ್ನುವ ಪ್ರಶ್ನೆಗೂ ಉತ್ತರವಿದೆ. ಪುಣೆಯ ಖಡ್ಕಿಯಲ್ಲಿ 1869ರಿಂದ ಇರುವ ಮದ್ದುಗುಂಡು ಕಾರ್ಖಾನೆ, ಮಹಾರಾಷ್ಟ್ರದ್ದೇ ಆದ ವರಣಗಾಂವ್ ಕಾರ್ಖಾನೆ ಇವೆಲ್ಲ ಮೊದಲು ಆರ್ಡನೆನ್ಸ್ ಫ್ಯಾಕ್ಟರಿ ಬೋರ್ಡಿನ ಕೆಳಗಿದ್ದವು. 2021ರ ಅಕ್ಟೋಬರ್ 1ರಂದು ಆ ಬೋರ್ಡು ಏಳು ಕಂಪನಿಗಳಾಗಿ ಒಡೆದು, ಮದ್ದುಗುಂಡಿನ ಭಾಗ ಮ್ಯುನಿಷನ್ಸ್ ಇಂಡಿಯಾ ಅನ್ನುವ ಕಂಪನಿಯಾಯಿತು. ಇಲಾಖೆ ಇದ್ದದ್ದು ಕಂಪನಿ ಆದಮೇಲೆ ಕೊಳ್ಳುವವನು ಗಿರಾಕಿ. ಗಿರಾಕಿ ಅಂದಮೇಲೆ ಮಾಲು ನೋಡಿ, ಲಾಟು ನಂಬರು ಹಿಡಿದು ದೂರು ಕೊಡುವ ಹಕ್ಕಿದೆ. 2015ರಲ್ಲಿ ಮಹಾಲೇಖಪಾಲರು ಸೇನೆಯ ಮದ್ದುಗುಂಡಿನ ನಿರ್ವಹಣೆ ಕುರಿತು ಸಂಸತ್ತಿಗೆ ಕೊಟ್ಟ ವರದಿ ಗುಣಮಟ್ಟದ ಪ್ರಶ್ನೆಯನ್ನೂ ಎತ್ತಿತ್ತು. ಅದು ಸೇನೆಯ ದೊಡ್ಡ ಗುಂಡುಗಳ ವಿಚಾರ, ಪಿಸ್ತೂಲಿನದ್ದಲ್ಲ, ನಿಜ. ಆದರೆ ದಾಖಲೆ ಇದ್ದದ್ದರಿಂದ ಪ್ರಶ್ನೆ ಎದ್ದಿತು. ಪುಸ್ತಕದಲ್ಲಿ ಲಾಟು ನಂಬರೇ ಇಲ್ಲದಿದ್ದರೆ ಯಾವ ಲೇಖಪಾಲರು ಬಂದು ಏನು ಕೇಳ್ತಾರೆ?

ಪೊಲೀಸ್ ಇಲಾಖೆ ಹಲವು ಜಿಲ್ಲೆಗಳಲ್ಲಿ ನಾಗರಿಕ ಬಂದೂಕು ತರಬೇತಿ ಶಿಬಿರ ನಡೆಸುವುದುಂಟು. ವಕೀಲರು, ಮೇಷ್ಟ್ರು, ಅಂಗಡಿಯವರು, ಕಾಲೇಜು ಹುಡುಗಿಯರು ಬಂದು ಹೊಡೆದು, ಸರ್ಟಿಫಿಕೇಟ್ ಪಡೆದು, ಫೋಟೋ ತೆಗೆಸಿಕೊಂಡು ಹೋಗ್ತಾರೆ. ಅಲ್ಲಿ ಹೊಡೆಯುವುದು ಬಂದೂಕು, ಪಿಸ್ತೂಲಲ್ಲ. ಆದರೂ ಪಾಠ ಒಂದೇ. ಶಿಬಿರದ ಮೊದಲ ಗಂಟೆಯಲ್ಲಿ ಕಾಡತೂಸಿನ ಪೆಟ್ಟಿಗೆ ತೋರಿಸಿ, ಲಾಟು ನಂಬರು ಎಲ್ಲಿರುತ್ತೆ, ಎರಡು ಲಾಟು ಯಾಕೆ ಬೆರೆಸಬಾರದು, ಪುಸ್ ಅಂದರೆ ಏನು ಮಾಡಬೇಕು ಅಂತ ಹೇಳಿಕೊಡಲು ಹದಿನೈದು ನಿಮಿಷ ಸಾಕು. ಭಾಷಣ ಮಾಡುವ ಮುಖ್ಯ ಅತಿಥಿಗಳು ಹದಿನೈದು ನಿಮಿಷ ಕಡಿಮೆ ಮಾತಾಡಿದರೆ ಸಮಯವೂ ಸಿಗುತ್ತೆ.

ಹೊಳಲ್ಕೆರೆ ಕಡೆಯ ಆ ವ್ಯಾಪಾರಿಗೂ ದಾರಿ ಇದೆ. ಪತ್ತಲದ ಕೆಳಗಿನ ಗುಂಡನ್ನು ಜೋಗಿಮಟ್ಟಿಗೆ ಒಯ್ಯುವುದು ಬೇಡ, ಮಗಳ ಮದುವೆಯಲ್ಲಿ ಆಕಾಶಕ್ಕೆ ಹಾರಿಸುವುದಂತೂ ಬೇಡವೇ ಬೇಡ. 2019ರ ತಿದ್ದುಪಡಿಯಿಂದೀಚೆಗೆ ಸಂಭ್ರಮದ ಗುಂಡಿಗೆ ಎರಡು ವರ್ಷದವರೆಗೆ ಜೈಲು, ಇಲ್ಲವೆ ಒಂದು ಲಕ್ಷದವರೆಗೆ ದಂಡ, ಇಲ್ಲವೆ ಎರಡೂ. ಹಳೆಯ ಗುಂಡನ್ನು ಲೈಸೆನ್ಸಿನ ಸಮೇತ ಪರವಾನಗಿ ಇರುವ ಡೀಲರ ಹತ್ತಿರ ಒಯ್ದು ಕೊಟ್ಟು, ಹೊಸದನ್ನು ಒಂದೇ ಲಾಟಿನಲ್ಲಿ ತೆಗೆದುಕೊಂಡು, ಪೆಟ್ಟಿಗೆಯ ಮೇಲಿನ ನಂಬರು ಬರೆದಿಟ್ಟುಕೊಳ್ಳಲಿ. ಅಂಗೀಕೃತ ಮೈದಾನದಲ್ಲಿ ತಿಳಿದವರ ಎದುರು ಅದರಲ್ಲಿ ಹತ್ತಾದರೂ ಹೊಡೆದು ನೋಡಲಿ. ಅಡಿಕೆ ಕೊಳ್ಳುವಾಗ ಚೀಲದ ಮೇಲೆ, ನಡುವೆ, ತಳದಲ್ಲಿ ಮೂರು ಕಡೆ ಕೈ ಹಾಕಿ ನೋಡುವ ಮನುಷ್ಯ ಆತ. ಗುಂಡಿನ ಪೆಟ್ಟಿಗೆಯನ್ನು ಇಷ್ಟು ವರ್ಷ ಬಾಯಿ ಕೂಡ ಬಿಚ್ಚಿ ನೋಡಿಲ್ಲ.